ಬೆನ್ನ ಹಿಂದಿನದನ್ನು ಕಾಣಿಸುವ ವಿದ್ವತ್ತು

ಘಾಟಿ ಸುಬ್ರಹ್ಮಣ್ಯದಲ್ಲಿ ಸ್ವಾಮಿಯು ಪೂರ್ವಾಭಿಮುಖನಾಗಿಯೂ, ಅದೇ ಶಿಲೆಯ ಹಿಂಬದಿಯಲ್ಲಿ ನರಸಿಂಹನು ಪಶ್ಚಿಮಾಭಿಮುಖನಾಗಿಯೂ ನೆಲೆಸಿರುವರು. ಹಿಂದಿನ ಮೂರ್ತಿಯು ಭಕ್ತರಿಗೆ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿಯನ್ನಿರಿಸಿದ್ದಾರೆ. ಮೊನ್ನೆ ಅದರೆದುರು ನಿಂತಿದ್ದಾಗ ನಮಗೆ ಬೆಂಗಳೂರಿನ ವಿದ್ವಾಂಸರಾದ ಡಿ. ಸುಬಾ ಚಂದ್ರನ್ ಅವರ ನೆನಪಾಯಿತು. ದೇಶದ ಬೆನ್ನ ಹಿಂದೆ ನಡೆಯುವುದನ್ನು ದೇಶಕ್ಕೆ ಕಾಣಿಸುವುದೇ ಅವರು ಕೈಕೊಂಡ ಕಾರ್ಯ.

1998ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನಗಳೆರಡೂ ಅಣ್ವಸ್ತ್ರ ಪರೀಕ್ಷೆ ನಡೆಸಿದಾಗ, ಇನ್ನು ಯುದ್ಧವೇ ಅಸಂಭವವೆಂದು ನಂಬಿದವರುಂಟು. ವರ್ಷವೊಂದು ಕಳೆಯುವಷ್ಟರಲ್ಲಿ ಕಾರ್ಗಿಲ್ಲಿನ ಶಿಖರಗಳ ಮೇಲೆ ಶತ್ರುವು ಕುಳಿತಿದ್ದನು. ಅವನನ್ನಿಳಿಸಲು ಐನೂರಕ್ಕೂ ಮಿಕ್ಕ ಯೋಧರು ಪ್ರಾಣ ತೆತ್ತರು. ಅಣ್ವಸ್ತ್ರದ ನೆರಳಿನಲ್ಲಿಯೂ ಪರಿಮಿತ ಯುದ್ಧವು ಹೇಗೆ ಸಾಧ್ಯವಾಯಿತೆಂಬುದನ್ನೇ ಚಂದ್ರನ್ 2005ರ ತಮ್ಮ ಗ್ರಂಥದಲ್ಲಿ ಪರಿಶೋಧಿಸಿದರು. ಆಗ ಅವರು ದೆಹಲಿಯ ಶಾಂತಿ ಮತ್ತು ಸಂಘರ್ಷ ಅಧ್ಯಯನ ಸಂಸ್ಥೆಯಲ್ಲಿದ್ದರು. ಮುಂದೆ ಪಿ. ಆರ್. ಚಾರಿಯವರೊಡಗೂಡಿ ದಕ್ಷಿಣ ಏಷ್ಯದ ಸಶಸ್ತ್ರ ಸಂಘರ್ಷಗಳನ್ನು ಕುರಿತ ವಾರ್ಷಿಕ ಸಂಪುಟಗಳನ್ನು ಸಂಪಾದಿಸಿದರು. ಗುಂಡಿನ ಸದ್ದು ಅಡಗಿದೊಡನೆ ಮರೆಯುವ ನಮ್ಮಂಥ ಪತ್ರಿಕೆಯವರಿಗೆ ಈ ತಾಳ್ಮೆಯು ಪಾಠವೇ ಸರಿ.

ಅನಂತರ ಅವರು ಸೇರಿದುದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು. ಜೆ. ಆರ್. ಡಿ. ಟಾಟಾರ ಸಂಕಲ್ಪದಿಂದ 1988ರಲ್ಲಿ ಹುಟ್ಟಿದ ಆ ಸಂಸ್ಥೆಗೆ ತಿಪಟೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರೇ ಪ್ರಥಮ ನಿರ್ದೇಶಕರು. ಅದಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ಆವರಣದಲ್ಲಿ 2005ರ ಡಿಸೆಂಬರ್ 28ರ ಸಂಜೆ ಭಯೋತ್ಪಾದಕರ ಗುಂಡಿಗೆ ಪ್ರೊ. ಎಂ. ಸಿ. ಪುರಿಯವರು ಬಲಿಯಾದರು. ಭಯೋತ್ಪಾದನೆಯು ದೂರದ ಗಡಿಯ ಮಾತೆಂದು ಕನ್ನಡಿಗರು ಇನ್ನು ಹೇಳುವಂತಿಲ್ಲ.

ಆದರೆ ಈ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ. ಮಗನನ್ನು ಸೈನ್ಯಕ್ಕೆ ಕಳುಹಿಸಿದ ದೊಡ್ಡಬಳ್ಳಾಪುರದ ನೇಕಾರನೋ, ಹೊಸಕೋಟೆಯ ರೈತನೋ ಅವನ್ನು ಓದುವುದೆಂತು? ನಮ್ಮ ವಿಶ್ವವಿದ್ಯಾನಿಲಯಗಳು ಮೊದಲಿಗೆ ಕಾರ್ಗಿಲ್ಲನ್ನು ಕುರಿತ ಗ್ರಂಥವನ್ನಾದರೂ ಕನ್ನಡಕ್ಕೆ ತರಿಸಿ, ಸುಲಭ ಬೆಲೆಗೆ ಹಳ್ಳಿಯ ವಾಚನಾಲಯಗಳಿಗೆ ಒದಗಿಸಲಿ.