ಮಳೆಗಾಲದ ಬಿಡುವಿನ ನಂತರ ಯಂತ್ರಗಳಿಗೆ ವಿದ್ಯುತ್ ನೀಡುವ ಮುನ್ನ

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲೂಕುಗಳ ಸಣ್ಣ ಉದ್ಯಮಗಳಲ್ಲಿ ಅನೇಕವು ಹಂಗಾಮನ್ನು ಅವಲಂಬಿಸಿವೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತಿದ್ದ ಅಕ್ಕಿ ಗಿರಣಿಗಳು ಭತ್ತದ ಸುಗ್ಗಿ ಸಮೀಪಿಸಿದಂತೆ ಮತ್ತೆ ಚಾಲನೆಗೊಳ್ಳುತ್ತವೆ. ಆಯುಧ ಪೂಜೆಯಂದು ಯಂತ್ರಗಳನ್ನು ತೊಳೆದು, ಪೂಜಿಸಿ, ಮರುದಿನವೇ ಸ್ವಿಚ್ ಹಾಕುವ ರೂಢಿಯೂ ಇದೆ. ಆದರೆ ಬಹುಕಾಲ ನಿಂತ ಮೋಟಾರಿಗೆ ಪರೀಕ್ಷೆಯಿಲ್ಲದೆ ವಿದ್ಯುತ್ ನೀಡುವುದು ಯಂತ್ರಕ್ಕೂ ಅದನ್ನು ನಡೆಸುವ ಕಾರ್ಮಿಕನಿಗೂ ಅಪಾಯಕಾರಿ.

ಕಾರಣ ಸರಳವಾಗಿದೆ. ಓಡುತ್ತಿರುವ ಮೋಟಾರು ತನ್ನ ಬಿಸಿಯಿಂದಲೇ ಒಣಗಿರುತ್ತದೆ. ನಿಂತ ಮೋಟಾರಿನ ಸುರುಳಿಗಳು ಗಾಳಿಯ ತೇವವನ್ನು ಹೀರುತ್ತವೆ. ಹೊಟ್ಟಿನ ಧೂಳು ಆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದರಿಂದ ಇನ್ಸುಲೇಷನ್ ದುರ್ಬಲಗೊಂಡು, ಸ್ವಿಚ್ ಹಾಕಿದೊಡನೆ ಸುರುಳಿ ಸುಡಬಹುದು ಅಥವಾ ಯಂತ್ರದ ಮೈಗೆ ವಿದ್ಯುತ್ ಹರಿಯಬಹುದು.

ಪರೀಕ್ಷೆಯ ಕ್ರಮ

ಮೊದಲು ಮುಖ್ಯ ಸ್ವಿಚ್ ತೆಗೆದು, ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವನೇ ಇಟ್ಟುಕೊಳ್ಳಬೇಕು. ಸ್ವಿಚ್ ತೆಗೆದ ನಂತರವೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುವುದರಿಂದ ಅವು ಬರಿದಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಬಳಿಕ ಪ್ಯಾನೆಲ್ ತೆರೆದು, ಇಲಿ ಕಡಿದ ಕೇಬಲ್, ಸಡಿಲಗೊಂಡ ಟರ್ಮಿನಲ್, ತುಕ್ಕು ಮತ್ತು ನೀರಿನ ಗುರುತುಗಳನ್ನು ನೋಡಬೇಕು.

ಮುಂದಿನದು ಮೆಗ್ಗರ್ ಪರೀಕ್ಷೆ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ ಕಾಲದಿಂದಲೂ ರೂಢಿಯಲ್ಲಿರುವ ಅಳತೆಯಂತೆ, 500 ವೋಲ್ಟ್ ಒತ್ತಡವನ್ನು 1 ನಿಮಿಷ ನೀಡಿದಾಗ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಅದಕ್ಕಿಂತ ಕಡಿಮೆಯಿದ್ದರೆ ಮೋಟಾರನ್ನು ಒಣಗಿಸಿ ಪುನಃ ಅಳೆಯಬೇಕೇ ಹೊರತು ಚಾಲೂ ಮಾಡಬಾರದು. ವೇಗ ನಿಯಂತ್ರಕ ಡ್ರೈವ್ ಮುಂತಾದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಪರೀಕ್ಷೆಗೆ ಮುನ್ನ ಬೇರ್ಪಡಿಸದಿದ್ದರೆ ಅವು ಕೆಡುತ್ತವೆ.

ಫ್ಯೂಸ್ ಜಾಗದಲ್ಲಿ ಕೈಗೆ ಸಿಕ್ಕ ದಪ್ಪ ತಂತಿಯನ್ನು ಕಟ್ಟಿದ್ದರೆ ತೆಗೆದುಹಾಕಬೇಕು. ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದಲ್ಲಿ ನಮೂದಿಸಿದ ಆಂಪಿಯರ್‌ಗೆ ಹೊಂದಿಸಬೇಕು. ಮೂರೂ ಫೇಸ್‌ಗಳು ಸಮನಾಗಿ ಬರುತ್ತಿವೆಯೇ ಎಂದು ನೋಡಬೇಕು. ಒಂದು ಫೇಸ್ ಇಲ್ಲದೆ ಓಡಿದ ಮೋಟಾರು ಬೇಗನೆ ಸುಡುತ್ತದೆ. ಬಿಡುವಿನ ಅವಧಿಯಲ್ಲಿ ಕೇಬಲ್ ಅಥವಾ ಟ್ರಾನ್ಸ್‌ಫಾರ್ಮರ್ ದುರಸ್ತಿಯಾಗಿದ್ದರೆ ಫೇಸ್‌ಗಳ ಕ್ರಮ ಬದಲಾಗಿ ಯಂತ್ರ ಹಿಮ್ಮುಖವಾಗಿ ತಿರುಗಬಹುದು. ಆದ್ದರಿಂದ ಬೆಲ್ಟ್ ಬಿಚ್ಚಿ, ಮೊದಲು ಭಾರವಿಲ್ಲದೆ ಓಡಿಸುವುದು ಲೇಸು.

ಅರ್ಥಿಂಗ್

ಮೂರು ಫೇಸ್ ಮೋಟಾರಿನ ಚೌಕಟ್ಟಿಗೆ ಎರಡು ಪ್ರತ್ಯೇಕ ಅರ್ಥಿಂಗ್ ಸಂಪರ್ಕಗಳಿರಬೇಕೆಂಬುದು ನಿಯಮ. ಒಂದು ಕಡಿದರೂ ಇನ್ನೊಂದು ಜೀವ ಉಳಿಸಲೆಂಬುದು ಇದರ ಉದ್ದೇಶ. ಮಲೆನಾಡಿನ ಅಂಚಿನ ಈ ತಾಲೂಕುಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ: ಮಳೆಯಿಂದ ನೆಲ ನೆನೆದಿರುವಾಗ ಅರ್ಥ್ ಗುಂಡಿಯ ಅಳತೆ ಉತ್ತಮವಾಗಿಯೇ ಕಾಣುತ್ತದೆ. ಅದೇ ಗುಂಡಿ ಏಪ್ರಿಲ್‌ನಲ್ಲಿ ಒಣಗಿ ಕೈಕೊಡಬಹುದು. ಒಣ ಋತುವಿನ ಒಣ ದಿನದಂದು ಈ ಅಳತೆ ಮಾಡಬೇಕೆಂದು ಸುರಕ್ಷತಾ ನಿಯಮಗಳು ವಿಧಿಸಿರುವುದು ಇದಕ್ಕಾಗಿಯೇ. ಅಕ್ಟೋಬರ್‌ನ ಅಳತೆಯೊಂದನ್ನೇ ನಂಬಿ ಕೂರಬಾರದು.

ವಿಮೆಯ ಮಿತಿ

ಬೆಂಕಿ ವಿಮೆ ಇದೆಯೆಂಬ ಧೈರ್ಯದಿಂದ ಪರೀಕ್ಷೆಯನ್ನು ಕೈಬಿಡುವವರಿದ್ದಾರೆ. ಆದರೆ ಶಾರ್ಟ್ ಸರ್ಕ್ಯೂಟ್, ವಿದ್ಯುತ್ ಸೋರಿಕೆ ಮುಂತಾದ ಕಾರಣಗಳಿಂದ ಕೆಟ್ಟ ಆ ಯಂತ್ರದ ನಷ್ಟವನ್ನು ಬೆಂಕಿ ವಿಮೆಯ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ; ಅಲ್ಲಿಂದ ಬೆಂಕಿ ಹರಡಿ ಬೇರೆ ಸೊತ್ತಿಗಾದ ಹಾನಿ ಮಾತ್ರ ಪಾಲಿಸಿಯ ವ್ಯಾಪ್ತಿಗೆ ಬರುತ್ತದೆ. ಸುಟ್ಟ ಮೋಟಾರಿನ ಖರ್ಚಿಗೆ ಯಂತ್ರ ಸ್ಥಗಿತ ವಿಮೆಯನ್ನು ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ. ಮೋಟಾರು ರಿವೈಂಡಿಂಗ್‌ಗೆ ಹುಬ್ಬಳ್ಳಿಗೆ ಹೋಗಿ ಬರುವವರೆಗೆ ಸುಗ್ಗಿಯಲ್ಲಿ ತಪ್ಪಿಹೋದ ವ್ಯಾಪಾರ ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಕಾರ್ಮಿಕನ ಜೀವಕ್ಕಂತೂ ಬೆಲೆ ಕಟ್ಟಲಾಗದು.

ದಾಖಲೆಯ ಮಹತ್ವ

ಒಂದೇ ಅಳತೆಗಿಂತ ವರ್ಷ ವರ್ಷದ ಅಳತೆಗಳ ಹೋಲಿಕೆ ಹೆಚ್ಚು ತಿಳಿಸುತ್ತದೆ. ಉದಾಹರಣೆಗೆ, ಒಂದು ಮೋಟಾರು ಎರಡು ವರ್ಷದ ಹಿಂದೆ 50, ಕಳೆದ ವರ್ಷ 20, ಈ ವರ್ಷ 4 ಮೆಗಾಓಮ್ ತೋರಿಸಿದೆ ಎಂದುಕೊಳ್ಳೋಣ. ಕನಿಷ್ಠ ಮಿತಿಗಿಂತ ಇದು ಮೇಲಿದ್ದರೂ ಬಂಡವಾಳ ಕರಗುತ್ತಿರುವ ಲೆಕ್ಕದಂತೆ ಇದೂ ಮುನ್ಸೂಚನೆಯೇ. ಬಿಸಿ ಏರಿದಂತೆ ಇನ್ಸುಲೇಷನ್ ಅಳತೆ ಇಳಿಯುವುದರಿಂದ ದಿನಾಂಕದೊಡನೆ ಉಷ್ಣಾಂಶವನ್ನೂ ಬರೆಯಬೇಕು. ಪರೀಕ್ಷೆಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ, ಸಹಿ ಪಡೆಯಬೇಕು. ವಿಮಾ ಸಮೀಕ್ಷಕರು ಬಂದಾಗಲೂ ವಿದ್ಯುತ್ ಪರಿವೀಕ್ಷಕರು ವಿಚಾರಿಸಿದಾಗಲೂ ಮಾಲೀಕನ ಪರವಾಗಿ ಮಾತನಾಡುವುದು ಈ ಸಹಿಯುಳ್ಳ ಪುಟವೇ.

ದೀಪಾವಳಿಯಂದು ವ್ಯಾಪಾರಸ್ಥರು ಹೊಸ ಲೆಕ್ಕದ ಪುಸ್ತಕವನ್ನು ಪೂಜೆಗಿಡುತ್ತಾರೆ. ಅದರ ಪಕ್ಕದಲ್ಲಿ ಯಂತ್ರಗಳ ಪರೀಕ್ಷಾ ಪುಸ್ತಕವೊಂದನ್ನೂ ಇಡುವ ಪದ್ಧತಿ ಬೆಳೆದರೆ ಹಂಗಾಮು ಸುರಕ್ಷಿತವಾಗಿ ಆರಂಭವಾಗುತ್ತದೆ.