ಕೊಟ್ಟಿಗೆಗೆ ನೀರಿನ ಪೈಪ್: ಥ್ರೆಡ್ ಹಾಕುವ ಸಾಧನ ಕೊಳ್ಳಬೇಕೇ?

ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುತ್ತದೆ. ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು 60ರಿಂದ 80 ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಎರಡು ಹಸು ಕಟ್ಟಿದ ಮನೆಯಲ್ಲಿ ಇದು ಎಂಟು ಹತ್ತು ಕೊಡ. ಹೊರುವವರು ಯಾರೆಂದು ನಿಮಗೇ ಗೊತ್ತು. ಹೊತ್ತು ಸಾಕಾಗಿ ಒಂದು ಕೊಡ ಕಡಿಮೆಯಾದ ದಿನ ಡೇರಿಯಲ್ಲಿ ಹಾಲಿನ ಅಳತೆಯೂ ಕಡಿಮೆಯಾಗುತ್ತದೆ. ಅದಕ್ಕೇ ಈಗ ಹಲವು ಸದಸ್ಯೆಯರು ಟ್ಯಾಂಕಿನಿಂದ ಗೋದಲಿಗೆ ಪೈಪ್ ಎಳೆಸಿ ಕುಡಿಯುವ ಬಟ್ಟಲು ಕೂರಿಸುತ್ತಿದ್ದಾರೆ. "ಡಾಕ್ಟ್ರೇ, ಪ್ಲಂಬರ್ ಸಿಗೋದೇ ಕಷ್ಟ, ಥ್ರೆಡ್ ಹಾಕೋ ಸೆಟ್ ನಾವೇ ತಗೊಳ್ಳೋಣ್ವಾ?" ಎಂಬ ಪ್ರಶ್ನೆ ಆಗಾಗ ಬರುತ್ತದೆ.

ಮೊದಲು ಎಷ್ಟು ಥ್ರೆಡ್ ಬೇಕೆಂದು ಎಣಿಸಿ. ಟ್ಯಾಂಕಿನಿಂದ ಕೊಟ್ಟಿಗೆಯವರೆಗೆ ಮಣ್ಣಿನಡಿ ಹೋಗುವ ಪೈಪ್ ಪಿವಿಸಿ ಅಥವಾ ಎಚ್‌ಡಿಪಿಇ ಆದರೆ ಸಾಕು. ಹಸು ಮೈ ಉಜ್ಜುವ, ಕೊಂಬು ತಾಗಿಸುವ ಕಡೆ ಮಾತ್ರ ಜಿ.ಐ. ಪೈಪ್ ಬೇಕು, ಪಿವಿಸಿ ಅಲ್ಲಿ ಉಳಿಯುವುದಿಲ್ಲ. ಎರಡು ಬಟ್ಟಲಿನ ಕೊಟ್ಟಿಗೆಗೆ ಆರೆಂಟು ಥ್ರೆಡ್ ಆದೀತು. ಅಷ್ಟಕ್ಕೆ ಸೆಟ್ ಕೊಳ್ಳುವುದು ದುಂದುವೆಚ್ಚವೆಂದೇ ನನ್ನ ಅಭಿಪ್ರಾಯ. ಅಳತೆ ಬರೆದುಕೊಂಡು ಹೋಗಿ, ಪೈಪ್ ಮಾರುವ ಅಂಗಡಿಯಲ್ಲೇ ಕತ್ತರಿಸಿ ಥ್ರೆಡ್ ಹಾಕಿಸಿಕೊಂಡು ಬನ್ನಿ. ಹತ್ತಾರು ಮನೆಗಳಲ್ಲಿ ಕೆಲಸವಿದ್ದರೆ ಮಾತ್ರ ಸ್ವಸಹಾಯ ಗುಂಪಿನವರು ಸೇರಿ ಒಂದು ಸೆಟ್ ಕೊಂಡು, ಒಬ್ಬರು ಕಲಿತುಕೊಳ್ಳಬಹುದು. ಕಲಿಯಲಾರದ ವಿದ್ಯೆಯೇನಲ್ಲ.

ಕೊಳ್ಳುವುದಾದರೆ ಕೈಯಿಂದ ತಿರುಗಿಸುವ ರ‍್ಯಾಚೆಟ್ ಸೆಟ್ ನೋಡಿ. ಹಿಡಿಯನ್ನು ಪೂರ್ತಿ ಸುತ್ತಿಸದೆ ಹಿಂದೆ ಮುಂದೆ ಆಡಿಸಿದರೆ ಸಾಕು, ಗೋಡೆಯ ಪಕ್ಕದ ಇಕ್ಕಟ್ಟಿನಲ್ಲೂ ಕೆಲಸವಾಗುತ್ತದೆ. ಅರ್ಧ, ಮುಕ್ಕಾಲು, ಒಂದು ಇಂಚಿನ ಡೈ ಇದ್ದರೆ ಕೊಟ್ಟಿಗೆಗೆ ಧಾರಾಳ. ಜೊತೆಗೆ ಪೈಪನ್ನು ಬಿಗಿಯಾಗಿ ಹಿಡಿಯುವ ವೈಸ್ ಬೇಕೇ ಬೇಕು. ಕಾಲಲ್ಲಿ ಪೈಪ್ ಒತ್ತಿ ಹಿಡಿದು ತಿರುಗಿಸಿದರೆ ಥ್ರೆಡ್ ಓರೆಯಾಗುತ್ತದೆ, ಕೈಗೂ ಪೆಟ್ಟು. ಕರೆಂಟಿನ ಯಂತ್ರ ದಿನವೂ ಇದೇ ಕೆಲಸ ಮಾಡುವ ಪ್ಲಂಬರ್‌ಗೆ ಸರಿ, ನಮಗಲ್ಲ.

ಡೈ ಮೇಲೆ ಬಿಎಸ್‌ಪಿಟಿ ಎಂದು ಬರೆದಿದೆಯೇ ನೋಡಿ. ನಮ್ಮ ನಲ್ಲಿ, ಎಲ್ಬೋಗಳ ಥ್ರೆಡ್ ಇದೇ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೆಲವು ಸೆಟ್‌ಗಳು ಅಮೆರಿಕದ ಎನ್‌ಪಿಟಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಹಾಗಾಗಿ ಮೊದಲು ಕೂತಂತೆಯೇ ಕಾಣುತ್ತದೆ. ಆದರೆ ಹಲ್ಲಿನ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಎಷ್ಟು ಬಿಗಿದರೂ ನೀರು ಜಿನುಗುತ್ತಲೇ ಇರುತ್ತದೆ.

ಪೈಪ್ ಕೊಳ್ಳುವಾಗ ಅದರ ಮೇಲಿನ ಬಣ್ಣದ ಪಟ್ಟಿ ಗಮನಿಸಿ. ಹಳದಿ ಎಂದರೆ ತೆಳು, ನೀಲಿ ಮಧ್ಯಮ, ಕೆಂಪು ದಪ್ಪ. ಅರ್ಧ ಇಂಚಿನ ಪೈಪಿನಲ್ಲಿ ಹಳದಿಯ ಗೋಡೆ 2 ಮಿ.ಮೀ., ನೀಲಿಯದು 2.6 ಮಿ.ಮೀ. ಥ್ರೆಡ್ ಹಾಕುವುದೆಂದರೆ ಆ ದಪ್ಪದಲ್ಲೇ ಒಂದಿಷ್ಟು ಕೊರೆಯುವುದು. ಗಂಜಲ, ತೇವ ಇರುವ ಕೊಟ್ಟಿಗೆಯಲ್ಲಿ ತೆಳು ಪೈಪ್ ಥ್ರೆಡ್ ಇರುವಲ್ಲೇ ತುಕ್ಕು ಹಿಡಿದು ಮುರಿಯುತ್ತದೆ. ನೀಲಿಯೇ ಇರಲಿ. ಥ್ರೆಡ್ ಸರಿಯಾಗಿದ್ದರೆ ಎಲ್ಬೋ ಕೈಯಲ್ಲಿ ಮೂರು ನಾಲ್ಕು ಸುತ್ತು ಹೋಗಿ ನಿಲ್ಲುತ್ತದೆ, ಉಳಿದ ಎರಡು ಮೂರು ಸುತ್ತಿಗೆ ಪೈಪ್ ರೆಂಚ್ ಬೇಕಾಗುತ್ತದೆ. ಕೈಯಲ್ಲೇ ಕೊನೆಯವರೆಗೂ ಹೋದರೆ ಅದು ಆಳ ಕೊರೆದ ಥ್ರೆಡ್, ಮರಳಿಸಿ.

ಇನ್ನು ಪಶುವೈದ್ಯಳಾಗಿ ಹೇಳಲೇಬೇಕಾದದ್ದು. ಥ್ರೆಡ್ ಹಾಕುವಾಗ ಉದುರುವ ಕಬ್ಬಿಣದ ಸುರುಳಿ, ಹ್ಯಾಕ್ಸಾ ಬ್ಲೇಡಿನ ಚೂರು, ತಂತಿ ತುಂಡು ಮೇವಿನಲ್ಲಿ ಸೇರಿದರೆ ಹಸು ಆರಿಸಿ ಬಿಡುವುದಿಲ್ಲ. ಸರಿಯಾಗಿ ಅಗಿಯದೆ ನುಂಗುತ್ತದೆ. ಅದು ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ, ಅದರ ಮುಂದೆಯೇ ಹೃದಯ. ಚೂಪಾದ ಚೂರು ಚುಚ್ಚಿಕೊಂಡು ಅತ್ತ ಹೋದರೆ ಹಾಲು ಹಠಾತ್ತನೆ ಇಳಿಯುತ್ತದೆ, ಹಸು ಬೆನ್ನು ಬಾಗಿಸಿ ಮೊಣಕೈ ಹೊರಚಾಚಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನರಳುತ್ತದೆ, ಆಮೇಲೆ ಎದೆಯ ಕೆಳಗೆ ಬಾವು ಬರುತ್ತದೆ. ಬಾವು ಬಂದ ಮೇಲೆ ಉಳಿಸುವುದು ಬಹಳ ಕಷ್ಟ. ಆದ್ದರಿಂದ ಕತ್ತರಿಸುವ, ಥ್ರೆಡ್ ಹಾಕುವ ಕೆಲಸ ಕೊಟ್ಟಿಗೆಯಿಂದ, ಮೇವಿನ ಬಣವೆಯಿಂದ ದೂರ, ಹಳೇ ಗೋಣಿಚೀಲ ಹಾಸಿಕೊಂಡು ಆಗಲಿ. ಕೆಲಸ ಮುಗಿದ ಮೇಲೆ ಹಳೇ ಸ್ಪೀಕರಿನ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ನೆಲದ ಮೇಲೆಲ್ಲ ಆಡಿಸಿ. ಪ್ಲಂಬರ್ ಬಂದು ಮಾಡಿದರೂ ಅವರು ಹೊರಡುವ ಮುಂಚೆ ಇದನ್ನು ಮಾಡಿ.

ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತಿಸಿ. ಸೆಣಬಿನ ನಾರಿಗೆ ಬಣ್ಣ ಬಳಿದು ಸುತ್ತುವ ಹಳೇ ಪದ್ಧತಿ ಕೊಟ್ಟಿಗೆಗೆ ಬೇಡ. ಬಣ್ಣದಲ್ಲಿ ಸೀಸವಿದ್ದು ದನಕರು ನೆಕ್ಕಿದರೆ ವಿಷವೇರುತ್ತದೆ: ಕಣ್ಣು ಕಾಣದು, ಹಲ್ಲು ಕಡಿಯುತ್ತದೆ, ಸೆಳವು ಬರುತ್ತದೆ. ಕರುಗಳಿಗೇ ನೆಕ್ಕುವ ಚಾಳಿ ಹೆಚ್ಚು.

ಪೈಪಿನ ಒಳಬಾಯಿಯ ಚೂಪು ಅಂಚನ್ನು ರೀಮರ್ ಅಥವಾ ದುಂಡು ಅರದಿಂದ ಉಜ್ಜಿ ತೆಗೆಸಿ. ಬಟ್ಟಲು ಕೂರಿಸುವ ಮುಂಚೆ ಪೈಪಿನ ತುದಿ ಬಿಚ್ಚಿಟ್ಟು, ಎಣ್ಣೆ ಮತ್ತು ಚೂರು ಪೂರ್ತಿ ಹೋಗುವ ತನಕ ನೀರು ಹರಿಯಲು ಬಿಡಿ. ಆ ನೀರನ್ನು ಬಕೆಟಿಗೆ ಹಿಡಿದು ದನಗಳಿಗೆ ಇಡಬೇಡಿ.