ಗವರ್ನರ್ ಒಬ್ಬರೇ ಅಲ್ಲ

ಪ್ರಶ್ನೆ: ಅಮೆರಿಕದ ರಾಜ್ಯಗಳಲ್ಲಿ ಇಲಾಖಾ ಮುಖ್ಯಸ್ಥರನ್ನೂ ಮತದಾರರೇ ಆರಿಸುತ್ತಾರೆಯೇ?

ಉತ್ತರ: ಹಲವು ರಾಜ್ಯಗಳಲ್ಲಿ ಹೌದು. ನಾರ್ತ್ ಕೆರೊಲಿನಾದಲ್ಲಿ ಕಾರ್ಯಾಂಗದ ಮುಖ್ಯಸ್ಥರಾದ ಗವರ್ನರ್ ಅಲ್ಲದೆ ಲೆಫ್ಟಿನೆಂಟ್ ಗವರ್ನರ್, ಸರ್ಕಾರದ ಪರ ವಾದಿಸುವ ಅಟಾರ್ನಿ ಜನರಲ್, ಖಜಾಂಚಿ, ಕೃಷಿ, ಕಾರ್ಮಿಕ ಮತ್ತು ವಿಮಾ ಆಯುಕ್ತರೂ ಸೇರಿ ಒಂಬತ್ತು ಮಂದಿಯನ್ನು, ಅಧ್ಯಕ್ಷೀಯ ಚುನಾವಣೆಯ ದಿನವೇ, ಇಡೀ ರಾಜ್ಯದ ಮತದಾರರು ಪ್ರತ್ಯೇಕವಾಗಿ ಚುನಾಯಿಸುತ್ತಾರೆ. ಹೀಗಾಗಿ 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ರಾಯ್ ಕೂಪರ್ ಗವರ್ನರ್ ಆಗಿ ಮರು ಆಯ್ಕೆಯಾದರೆ, ರಿಪಬ್ಲಿಕನ್ ಪಕ್ಷದ ಮಾರ್ಕ್ ರಾಬಿನ್ಸನ್ ಲೆಫ್ಟಿನೆಂಟ್ ಗವರ್ನರ್ ಆದರು. ಈ ಒಂಬತ್ತು ಮಂದಿಯಲ್ಲಿ ಯಾರನ್ನೂ ಗವರ್ನರ್ ತಮ್ಮಿಷ್ಟದಂತೆ ವಜಾ ಮಾಡಲಾರರು. ಅಧಿಕಾರ ಒಬ್ಬರಲ್ಲೇ ಕೇಂದ್ರೀಕೃತವಾಗದಂತೆ ತಡೆಯುವ ಈ ವ್ಯವಸ್ಥೆ ಮೆಚ್ಚತಕ್ಕದ್ದೇ ಆದರೂ, ಮತಪತ್ರದ ಕೆಳಭಾಗದ ಹೆಸರುಗಳು ಬಹುಮಂದಿಗೆ ಅಪರಿಚಿತವಾಗಿಯೇ ಉಳಿಯುವುದು ಅದರ ನಿಜವಾದ ಕೊರತೆ. 2001ರಿಂದ 2021ರವರೆಗೆ ಕಾರ್ಮಿಕ ಆಯುಕ್ತರಾಗಿದ್ದ ಚೆರಿ ಬೆರಿ ಅವರನ್ನು ಜನ ಗುರುತಿಸುತ್ತಿದ್ದುದು ಮುಖ್ಯವಾಗಿ ಲಿಫ್ಟ್‌ಗಳೊಳಗಿನ ತಪಾಸಣಾ ಪ್ರಮಾಣಪತ್ರದಲ್ಲಿದ್ದ ಭಾವಚಿತ್ರದಿಂದ.